ಮೋಡದಡಿಯ ಕಾಡಿನ ಗುಡಿ

ಮೂನ್ ಲಿಮ್ ಲೀ ಅನ್ನುವ ಹೆಸರನ್ನು ನಾನು ಮೊದಲು ಓದಿದ್ದು ಒಂದು ಶೌಚಾಲಯದ ಮುಂದೆ.

ಉತ್ತರ ಕ್ಯಾಲಿಫೋರ್ನಿಯಾದ 299ನೇ ನಂಬರಿನ ಹೆದ್ದಾರಿಯಲ್ಲಿ ಡಗ್ಲಸ್ ಸಿಟಿ ಅಂತ ಒಂದು ಜಾಗ. ಹೆಸರಿಗೆ ಸಿಟಿ, ನೋಡಿದರೆ ಕಾಡು. ಅಲ್ಲಿ ಗಾಡಿ ನಿಲ್ಲಿಸಿ ಕೈಕಾಲು ಸಡಿಲ ಮಾಡಿಕೊಳ್ಳಲು ಸರ್ಕಾರ ಕಟ್ಟಿಸಿದ ತಂಗುದಾಣ ಇದೆ. ರೆಡಿಂಗ್ ಊರು ದಾಟಿದ ಮೇಲೆ ದಾರಿ ಥೇಟ್ ನಮ್ಮ ಘಟ್ಟದ ದಾರಿಯೇ, ತಿರುವಿನ ಮೇಲೆ ತಿರುವು. ಅಪ್ಪನಿಗೆ ಹೊಟ್ಟೆ ತೊಳಸಿತ್ತು. ಮುಖ ತೊಳೆದುಕೊಂಡು ಬಂದು ಫಲಕದ ಮುಂದೆ ನಿಂತರು. ಯಾವ ಊರಿಗೆ ಹೋದರೂ ಅಲ್ಲಿಯ ಬೋರ್ಡುಗಳನ್ನೆಲ್ಲ ಓದದೆ ಬಿಡುವವರಲ್ಲ ಅವರು. ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದ ಅಭ್ಯಾಸ.

"ಇದೆಂತ, ಚೀನಾದವನ ಹೆಸರು ಇದ್ದ ಹಾಗೆ ಇದೆಯಲ್ಲ, ಈ ಕಾಡಿನಲ್ಲಿ?"

"ರಸ್ತೆ ಮಾಡಿಸಿದ ಇಂಜಿನಿಯರ್ ಇರಬೇಕು ಅಪ್ಪಾ" ಅಂದೆ. ಗೊತ್ತಿಲ್ಲದ ಪ್ರಶ್ನೆಗೂ ಉತ್ತರ ಕೊಟ್ಟುಬಿಡುವುದು ನನ್ನ ಹಳೇ ಚಾಳಿ.

ನಾವು ಹೊರಟಿದ್ದು ಅಲ್ಲಿಂದ ಹತ್ತು ನಿಮಿಷ ಮುಂದಿನ ವೀವರ್‌ವಿಲ್ ಅನ್ನುವ ಊರಿಗೆ. ಹೊರಡಲು ಕಾರಣವೂ ಅಪ್ಪನೇ. ಅಮ್ಮ ಹೋದ ಮೇಲೆ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಅವರು ಒಬ್ಬರೇ. ಅಡಿಕೆ ಕೆಲಸ ಮುಗಿಸಿ, ಮಳೆಗಾಲ ಹಿಡಿಯುವ ಮುಂಚೆ ವಾಪಸ್ ಕಳಿಸಬೇಕು ಅನ್ನುವ ಷರತ್ತು ಹಾಕಿ ನಮ್ಮ ಫ್ರೀಮಾಂಟ್ ಮನೆಗೆ ಬಂದಿದ್ದರು. ಗೋಲ್ಡನ್ ಗೇಟ್ ಸೇತುವೆ ತೋರಿಸಿದೆವು. "ದೊಡ್ಡದಿದೆ" ಅಂದರು, ಅಷ್ಟೇ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಮಾತ್ರ ನಾಲ್ಕು ಸಲ ಹೋಗಿ ಬಂದೆವು. ನಾಲ್ಕನೇ ಸಲ ಬರುವಾಗ ಕಾರಿನಲ್ಲಿ ಕೇಳಿದರು, "ಇದು ಮೊನ್ನೆ ಮೊನ್ನೆ ಕಟ್ಟಿದ್ದು. ಈ ದೇಶದಲ್ಲಿ ಹಳೇ ಗುಡಿ ಅಂತ ಒಂದೂ ಇಲ್ವಾ?"

ಇದೆ ಅಂತ ಎಲ್ಲೋ ಓದಿದ ನೆನಪು. ಹುಡುಕಿದೆ. 1874ರಲ್ಲಿ ಕಟ್ಟಿದ್ದು. ನಮ್ಮದಲ್ಲ, ಚೀನೀಯರದ್ದು. ಈಗ ಅದೊಂದು ರಾಜ್ಯ ಐತಿಹಾಸಿಕ ಉದ್ಯಾನ, ಅಂದರೆ ಟಿಕೆಟ್ ತಗೊಂಡು ನೋಡುವ ಜಾಗ. "ಆಗಬಹುದು" ಅಂದರು ಅಪ್ಪ. ರೆಡಿಂಗ್‌ವರೆಗೆ ನಾಲ್ಕು ಗಂಟೆ, ಅಲ್ಲಿಂದ ಇನ್ನೊಂದು ಗಂಟೆ. ರೆಡಿಂಗ್‌ನಲ್ಲಿ ರಾತ್ರಿ ಉಳಿಯುವ ಲೆಕ್ಕ ಹಾಕಿ, ಚಿತ್ರಾನ್ನ ಕಟ್ಟಿಕೊಂಡು, ಶನಿವಾರ ಬೆಳಗ್ಗೆ ಹೊರಟೆವು. ಗಂಡನಿಗೆ ಆಫೀಸಿನ ಕೆಲಸ. ಅಪ್ಪ, ನಾನು, ಹಿಂದಿನ ಸೀಟಿನಲ್ಲಿ ಹನ್ನೊಂದು ವರ್ಷದ ಮಗ.

ವಿಸ್ಕಿಟೌನ್ ಕೆರೆಯ ಸುತ್ತಮುತ್ತ ಗುಡ್ಡದ ತುಂಬ ಕಪ್ಪು ಕಂಬಗಳ ಹಾಗೆ ಸುಟ್ಟ ಮರಗಳು. 2018ರ ಜುಲೈನಲ್ಲಿ ಇಲ್ಲೇ ಒಂದು ಟ್ರೇಲರ್‌ನ ಟೈರು ಒಡೆದು, ಚಕ್ರದ ರಿಮ್ಮು ರಸ್ತೆಗೆ ಉಜ್ಜಿ ಕಿಡಿ ಹಾರಿ, ಎರಡು ಲಕ್ಷ ಎಕರೆಗೂ ಜಾಸ್ತಿ ಸುಟ್ಟುಹೋಯಿತು. ಕಾರ್ ಫೈರ್ ಅಂತ ಅದನ್ನು ಕರೆಯುತ್ತಾರೆ. ಕಾರಿಗೂ ಆ ಹೆಸರಿಗೂ ಸಂಬಂಧ ಇಲ್ಲ, ಬೆಂಕಿ ಶುರುವಾದ ಜಾಗದ ಹೆಸರು ಕಾರ್. ಮಗ ಇದನ್ನು ಮೂರು ಸಲ ಹೇಳಿ ನಕ್ಕ. ಅಪ್ಪ ನಗಲಿಲ್ಲ, ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ವೀವರ್‌ವಿಲ್ ಎರಡು ಬೀದಿಯ ಊರು. ಸುತ್ತ ಪೈನ್ ಕಾಡು, ಹಿಂದೆ ಹಿಮ ಹೊತ್ತ ಟ್ರಿನಿಟಿ ಬೆಟ್ಟಗಳು. ಗುಡಿ ಮುಖ್ಯ ಬೀದಿಯ ಪಕ್ಕದಲ್ಲೇ ಇದ್ದರೂ ತಟ್ಟನೆ ಕಾಣುವುದಿಲ್ಲ. ಒಂದು ಸಣ್ಣ ತೊರೆ, ಅದಕ್ಕೊಂದು ಮರದ ಕಾಲುಸೇತುವೆ, ಮೇಲೆ ದಟ್ಟ ನೆರಳು. ನೆರಳಿನ ಮರಗಳಲ್ಲಿ ಒಂದು ಜಾತಿಯ ಎಲೆಯನ್ನು ಅಪ್ಪ ಕಿತ್ತು ಹಿಸುಕಿ ಮೂಸಿದರು. ಮುಖ ಕಿವುಚಿದರು. ಆಮೇಲೆ ಮರವನ್ನು ಮೇಲಿಂದ ಕೆಳಗೆ ನೋಡಿ, "ಇದು ನಮ್ಮ ಹಾಲುಮಡ್ಡಿಯ ದಾಯಾದಿ ಮಾರಾಯ್ತಿ" ಅಂದರು.

ನಾನು ಸುಮ್ನೆ ಹೂಂ ಅಂದೆ. ರಾತ್ರಿ ಹೋಟೆಲಿನಲ್ಲಿ ಹುಡುಕಿ ನೋಡಿದರೆ ಅವರು ಹೇಳಿದ್ದು ನಿಜ. ಅಲ್ಲಿರುವುದು ಚೀನಾ ಮೂಲದ ಐಲಾಂತಸ್ ಮರ. ಇಲ್ಲಿ ಚಿನ್ನ ಹುಡುಕಲು ಜನ ಮುಗಿಬಿದ್ದ ಕಾಲದಲ್ಲಿ ಈ ಕಡೆ ಬಂದದ್ದು. ಈಗ ಕ್ಯಾಲಿಫೋರ್ನಿಯಾದ ಅರಣ್ಯದವರು ಅದನ್ನು ಕಳೆ ಅಂತ ಕಡಿಯುತ್ತಾರೆ. ನಮ್ಮ ಘಟ್ಟದ ಹಾಲುಮಡ್ಡಿ ಮರವೂ ಅದೇ ಕುಲದ್ದು. ಅದರ ಅಂಟಿನಿಂದಲೇ ಒಳ್ಳೆಯ ಊದುಬತ್ತಿಗೆ ಪರಿಮಳ. ಒಂದೇ ವಂಶದಲ್ಲಿ ಒಬ್ಬನ ಎಲೆ ನಾತ, ಇನ್ನೊಬ್ಬನ ಅಂಟು ಧೂಪ.

ಊದುಬತ್ತಿ ಅಂದಾಗ ನೆನಪಾಯಿತು. ಇಂಥ ಗುಡಿಗಳಿಗೆ ಇಲ್ಲಿಯವರು ಮೊದಲಿನಿಂದ ಇಟ್ಟ ಹೆಸರು 'ಜಾಸ್ ಹೌಸ್'. ಊದುಬತ್ತಿಗೆ 'ಜಾಸ್ ಸ್ಟಿಕ್'. ಇದು ಚೀನೀ ಮಾತಿರಬೇಕು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಪೋರ್ಚುಗೀಸ್ ಭಾಷೆಯಲ್ಲಿ ದೇವರಿಗೆ 'ದೇಉಸ್' ಅನ್ನುತ್ತಾರೆ. ಅದು ಏಷ್ಯಾದ ಬಂದರುಗಳಲ್ಲಿ ವ್ಯಾಪಾರಿಗಳ ಬಾಯಲ್ಲಿ ಸವೆದು ಸವೆದು 'ಜಾಸ್' ಆಯಿತು. ಆ ದೇಉಸ್ಸೂ ಸಂಸ್ಕೃತದ 'ದೇವ'ವೂ ಒಂದೇ ಬೇರಿನ ಮಾತುಗಳು. ಅಂದರೆ ಜಾಸ್ ಹೌಸ್ ಅಂದರೆ ದೇವರ ಮನೆ, ನೇರವಾಗಿ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಸಂಜೆಯವರೆಗೂ ಆ ಗುಡಿಯನ್ನು 'ದೇವರಮನೆ' ಅಂತಲೇ ಕರೆದರು.

ಚೀನೀಯರು ಇಟ್ಟ ಹೆಸರು ಬೇರೆ, ಅದು ಚಂದ. ಯುನ್ ಲಿನ್ ಮಿಯಾವ್. ಮೋಡದ ಕೆಳಗಿನ ಕಾಡಿನ ಗುಡಿ.

ಗುಡಿಯೊಳಕ್ಕೆ ನಮ್ಮಷ್ಟಕ್ಕೆ ನಾವು ಹೋಗುವ ಹಾಗಿಲ್ಲ. ಉದ್ಯಾನದ ರೇಂಜರ್ ಒಬ್ಬರು ಗುಂಪು ಮಾಡಿ ಕರೆದುಕೊಂಡು ಹೋಗುತ್ತಾರೆ. ನಮ್ಮ ಗುಂಪಿನಲ್ಲಿ ಏಳು ಜನ. ಮುಂಭಾಗಕ್ಕೆ ಗಾಢ ನೀಲಿ ಬಣ್ಣ, ಅದರ ಮೇಲೆ ಬಿಳಿ ಗೆರೆ. ದೂರದಿಂದ ನೀಲಿ ಇಟ್ಟಿಗೆಯ ಗೋಡೆ ಅನಿಸುತ್ತದೆ. ಹತ್ತಿರ ಹೋದರೆ ಬರೀ ಮರದ ಹಲಗೆ. ಊರಿನಲ್ಲಿ ಗುಡಿಗಳು ಹೇಗಿದ್ದವು ಅನ್ನುವುದು ನೆನಪಿತ್ತು, ಕೈಯಲ್ಲಿ ಇದ್ದದ್ದು ಈ ಕಾಡಿನ ಮರ. ಹಾಗಾಗಿ ಇಟ್ಟಿಗೆಯನ್ನು ಬಣ್ಣದಲ್ಲಿ ಬರೆದುಕೊಂಡರು. ಲಿವರ್‌ಮೋರ್‌ನ ಗೋಪುರ ನೋಡಿ ಮೊದಲ ದಿನ ಅಪ್ಪ "ಕಲ್ಲಲ್ಲವಲ್ಲ, ಸಿಮೆಂಟು" ಅಂದಿದ್ದರು. ಇಲ್ಲಿ ಏನೂ ಅನ್ನಲಿಲ್ಲ. ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿದರು.

ಮೆಟ್ಟಿಲ ಹತ್ತಿರ ಅವರು ಶೂ ಬಿಚ್ಚತೊಡಗಿದರು. ರೇಂಜರ್ ನಯವಾಗಿ, ಅಗತ್ಯ ಇಲ್ಲ ಅಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. "ಅಗತ್ಯ ಅವರಿಗಿಲ್ಲ" ಅಂದು ಅಪ್ಪ ಎರಡನೇ ಶೂ ಬಿಚ್ಚಿದರು. ಮಗ ನನ್ನ ಮುಖ ನೋಡಿದ. ಆಮೇಲೆ ಅವನೂ ಬಿಚ್ಚಿದ. ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು, ಬಿಳಿಯರು, ತಮ್ಮ ಚಪ್ಪಲಿಯನ್ನೂ ಬದಿಗಿಟ್ಟರು. ರೇಂಜರ್ ಬೂಟು ಹಾಕಿಕೊಂಡೇ ಒಳಗೆ ಹೋದರು. ಅವರ ಕೆಲಸ ಅದು.

ಬಾಗಿಲ ಹೊಸ್ತಿಲು ಎತ್ತರ. ಅದನ್ನು ದಾಟಿದರೆ ಎದುರಿಗೆ ಮತ್ತೆ ಎರಡು ಎತ್ತರದ ಮರದ ಪರದೆಗಳು, ಬಾಗಿಲಿಗೆ ಅಡ್ಡವಾಗಿ. ಅದನ್ನು ಬಳಸಿಕೊಂಡು ಪಕ್ಕದಿಂದ ಒಳಗೆ ಹೋಗಬೇಕು. ದುಷ್ಟ ಶಕ್ತಿಗಳಿಗೆ ನೇರ ಹೋಗಲು ಮಾತ್ರ ಬರುತ್ತದೆ, ತಿರುಗಲು ಬರುವುದಿಲ್ಲ, ಅದಕ್ಕೇ ಈ ತಡೆ ಅಂತ ರೇಂಜರ್ ಹೇಳಿದರು. ಎಲ್ಲರೂ ನಕ್ಕರು. ಅಪ್ಪ ತಲೆಯಾಡಿಸಿದರು, ಸರಿಯಾದ ಲೆಕ್ಕ ಕೇಳಿದವರ ಹಾಗೆ.

ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದೊಂದಾಗಿ ಕಾಣತೊಡಗುತ್ತದೆ. ಚಿನ್ನದ ಬಣ್ಣ ಬಳಿದ ಕೆತ್ತನೆ, ಕೆಂಪು ಬಟ್ಟೆಯ ಮೇಲಿನ ಕಸೂತಿ, ಹೊಗೆ ಹಿಡಿದ ಮಾಡು, ಅಕ್ಷರ ಕೆತ್ತಿದ ಹಲಗೆಗಳು. ನಮಗೂ ಪೀಠಕ್ಕೂ ನಡುವೆ ಅಡ್ಡಗಟ್ಟಿದ್ದಾರೆ. ಪೀಠದ ಮೇಲೆ ಮಂಟಪಗಳು, ಅದರೊಳಗೆ ಮೂರ್ತಿಗಳು. ಮುಂದೆ ಬೂದಿ ತುಂಬಿದ ಪಾತ್ರೆ, ಅದರಲ್ಲಿ ನೆಟ್ಟ ಊದುಬತ್ತಿಯ ಕಡ್ಡಿಗಳು. ಕಿತ್ತಳೆ ಹಣ್ಣು. ಹಣ್ಣು ಹೊಸದು.

ಕ್ಯಾಲಿಫೋರ್ನಿಯಾದ ಚೀನೀ ಗುಡಿಗಳಲ್ಲಿ ಜಾಸ್ತಿ ಪೂಜೆ ಪಡೆದವನು ಗುವಾನ್ ಯು. ಕೆಂಪು ಮುಖ, ಉದ್ದ ಗಡ್ಡ. ಆತ 1800 ವರ್ಷಗಳ ಹಿಂದೆ ನಿಜವಾಗಿ ಬದುಕಿದ್ದ ಸೇನಾಪತಿ. ಕೊಟ್ಟ ಮಾತಿಗೆ ತಪ್ಪದವನು, ಯುದ್ಧದಲ್ಲಿ ಸೆರೆಸಿಕ್ಕು ಸತ್ತವನು. ಆಮೇಲೆ ಜನ ಅವನನ್ನು ದೇವರು ಮಾಡಿದರು. "ಕೋಟಿ-ಚೆನ್ನಯರ ಹಾಗೆ ಅನ್ನು" ಅಂದರು ಅಪ್ಪ. ಗುವಾನ್ ಯಿನ್ ಅನ್ನುವ ಕರುಣೆಯ ತಾಯಿಯಂತೂ ನಮ್ಮ ಕಡೆಯಿಂದಲೇ ಹೋದವಳು. ಇಲ್ಲಿಂದ ಹೋಗುವಾಗ ಅವಲೋಕಿತೇಶ್ವರ ಅನ್ನುವ ಗಂಡು ಬೋಧಿಸತ್ವ. ಚೀನಾದಲ್ಲಿ ಶತಮಾನಗಳು ಕಳೆಯುತ್ತಾ ಹೆಣ್ಣಾದಳು. ಮಗನಿಗೆ ಇದು ಬಹಳ ಇಷ್ಟವಾಯಿತು.

ಭವಿಷ್ಯ ಕೇಳುವ ಕಡ್ಡಿಗಳ ಬಗ್ಗೆಯೂ ರೇಂಜರ್ ಹೇಳಿದರು. ಬಿದಿರಿನ ಕೊಳವೆಯಲ್ಲಿ ನಂಬರು ಬರೆದ ಕಡ್ಡಿಗಳು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಅಲ್ಲಾಡಿಸಬೇಕು. ಹೊರಗೆ ಬಿದ್ದ ಕಡ್ಡಿಯ ನಂಬರಿಗೆ ಒಂದು ಪದ್ಯ, ಪದ್ಯದಲ್ಲಿ ಉತ್ತರ. ನಮ್ಮಲ್ಲಿ ಹೂ ಪ್ರಸಾದ ಕೇಳುವುದಿಲ್ಲವಾ, ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ ಅಂತ. ಚಿನ್ನ ಹುಡುಕಲು ಹೊಳೆಗಿಳಿಯುವ ಮುಂಚೆ ಎಷ್ಟು ಜನ ಆ ಕೊಳವೆ ಅಲ್ಲಾಡಿಸಿರಬಹುದು! ಕೇಳಿದ ಪ್ರಶ್ನೆ ಬಹುಶಃ ಒಂದೇ. ಯಾವಾಗ ಊರಿಗೆ ಹೋಗುತ್ತೇನೆ?

ಅಷ್ಟರಲ್ಲಿ ಅಪ್ಪ ನನ್ನ ಮೊಣಕೈ ತಿವಿದರು. "ಕೇಳು ಅವರನ್ನ. ಪೂಜೆ ಯಾರು ಮಾಡ್ತಾರೆ?"

ಕೇಳಿದೆ. ರೇಂಜರ್‌ಗೆ ಈ ಪ್ರಶ್ನೆ ಹೊಸದಲ್ಲ ಅನಿಸುತ್ತದೆ. ಇದು ವಾರವಾರ ಜನ ಸೇರುವ ಗುಡಿ ಆಗಿರಲೇ ಇಲ್ಲವಂತೆ. ಯಾರಿಗೆ ಬೇಕೋ ಅವರು ಬೇಕಾದಾಗ ಬಂದು, ತಾವೇ ಊದುಬತ್ತಿ ಹಚ್ಚಿ, ಹಣ್ಣಿಟ್ಟು, ಕೇಳುವುದು ಕೇಳಿ ಹೋಗುತ್ತಿದ್ದರು. ನೋಡಿಕೊಳ್ಳಲು ಒಬ್ಬ ಇರುತ್ತಿದ್ದ, ಅವನಿಗೆ ಗುಡಿಗೆ ಒತ್ತಿಕೊಂಡಂತೆ ಒಂದು ಕೋಣೆ. ಈಗ ಅವನು ಇಲ್ಲ. ಕೈಮುಗಿಯುವವರು ಈಗಲೂ ದೂರದೂರದಿಂದ ಬರುತ್ತಾರೆ, ಬಂದರೆ ಪೂಜೆಗೆ ಅಡ್ಡಿಯಿಲ್ಲ. ಆ ಕಿತ್ತಳೆ ಹಾಗೆ ಬಂದದ್ದು.

"ಹಾಗಾದರೆ ನಮ್ಮ ಚೌಡಿ ಬನದ ಹಾಗೆ" ಅಂದರು ಅಪ್ಪ. ಅವರ ಮುಖ ಸ್ವಲ್ಪ ಹಗುರಾಯಿತು. ಜೇಬಿನಿಂದ ಐದು ಡಾಲರ್ ತೆಗೆದು ಹೊರಗಿನ ಪೆಟ್ಟಿಗೆಗೆ ಹಾಕಿದರು. ಅದು ಉದ್ಯಾನದ ಖರ್ಚಿಗೆ ಇಟ್ಟ ಪೆಟ್ಟಿಗೆ, ದೇವರ ಹುಂಡಿಯಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಗುಡಿಯ ಎದುರಿನ ಸಂದರ್ಶಕರ ಕೊಠಡಿಯೇ ಒಂದು ಪುಟ್ಟ ಮ್ಯೂಸಿಯಂ. ಎರಡು ಸುತ್ತು ಹಾಕಿದರೆ ಮುಗಿಯಿತು. ಆದರೆ ನಾನು ಅಲ್ಲಿ ಗುಡಿಗಿಂತ ಜಾಸ್ತಿ ಹೊತ್ತು ನಿಂತೆ.

ಕತೆ ಶುರುವಾಗುವುದು ಚಿನ್ನದಿಂದ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆಯ ಹಳ್ಳಿಗಳಿಂದ ಗಂಡಸರು ಹಡಗು ಹತ್ತಿದರು. ಈ ನಾಡನ್ನು ಅವರು ಕರೆದದ್ದು ಗಮ್ ಸಾನ್, ಚಿನ್ನದ ಬೆಟ್ಟ. ವೀವರ್‌ವಿಲ್‌ನಲ್ಲೇ ಒಂದು ಕಾಲಕ್ಕೆ ಸುಮಾರು 2000 ಚೀನೀಯರಿದ್ದರು. ಮೊದಲು ಕಟ್ಟಿಕೊಂಡ ಗುಡಿ ಬೆಂಕಿಗೆ ಹೋಯಿತು. 1873ರಲ್ಲಿ ಹಾಗೆ ಸುಟ್ಟಾಗ ಮರುವರ್ಷವೇ ಈಗಿರುವುದನ್ನು ಎಬ್ಬಿಸಿದರು. ಎಲ್ಲರೂ ಚಂದಾ ಹಾಕಿ.

ಇವರನ್ನು ಬರೀ ಪಾಪದವರು ಅಂತ ತೋರಿಸಿಲ್ಲ, ಅದು ಒಳ್ಳೆಯದೇ. 1854ರಲ್ಲಿ ಇದೇ ಊರಿನ ಹೊರಗೆ ಇವರದೇ ಎರಡು ಬಣಗಳು ಬಡಿದಾಡಿದ್ದವು. ಈಟಿ, ತ್ರಿಶೂಲ ಮಾಡಿಕೊಟ್ಟವರು ಊರಿನ ಬಿಳಿಯ ಕಮ್ಮಾರರು. ನೋಡಲು ಸೇರಿದವರೂ ಅವರೇ, ಹುರಿದುಂಬಿಸಿದವರೂ ಅವರೇ. ಮಗ ಆ ಈಟಿಗಳನ್ನು ಬಿಟ್ಟು ಬರಲು ಒಪ್ಪಲಿಲ್ಲ.

ನಾನು ನಿಂತದ್ದು ಬೇರೆ ಕಡೆ. ಗುಡಿಯಿಂದ ಬರುವಾಗ ತಲೆಯಲ್ಲಿ ಒಂದು ಸೀದಾ ಪ್ರಶ್ನೆ ಇತ್ತು. 2000 ಜನ ಇದ್ದ ಊರಿನ ಗುಡಿ ಮ್ಯೂಸಿಯಂ ಯಾಕಾಗಬೇಕು? ಅವರ ಮಕ್ಕಳು ಎಲ್ಲಿ ಹೋದರು? ಚಿನ್ನ ಮುಗಿಯಿತು, ಜನ ಹೋದರು ಅನ್ನುವುದು ಸುಲಭದ ಉತ್ತರ. ಅದು ಅರ್ಧ ಮಾತ್ರ ನಿಜ. ಚಿನ್ನ ಬಿಳಿಯರಿಗೂ ಮುಗಿಯಿತು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗಲೂ ಅದೇ ಬೀದಿಯಲ್ಲಿ ಕಾಫಿ ಮಾರುತ್ತಿದ್ದಾರೆ.

ಉತ್ತರ ಇರುವುದು ಕಾಯಿದೆಗಳ ಪಟ್ಟಿಯಲ್ಲಿ. 1852ರಲ್ಲಿ ಪರದೇಶಿ ಗಣಿಗಾರರ ಮೇಲೆ ತಿಂಗಳಿಗೆ 3 ಡಾಲರ್ ತೆರಿಗೆ ಬಂತು, ಅದು ಆಮೇಲೆ 4 ಆಯಿತು. ವಸೂಲಿ ಆದದ್ದು ಮುಖ್ಯವಾಗಿ ಚೀನೀಯರಿಂದ. 1854ರಲ್ಲಿ ಬಿಳಿಯರ ವಿರುದ್ಧ ಚೀನೀಯರ ಸಾಕ್ಷಿ ನಡೆಯುವುದಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. 1875ರಲ್ಲಿ ಪೇಜ್ ಕಾಯಿದೆ. ಹೆಸರಿಗೆ ವೇಶ್ಯಾವಾಟಿಕೆ ತಡೆಯಲು. ನಡೆದದ್ದು ಏನೆಂದರೆ, ಇಲ್ಲಿಗೆ ಬರಬೇಕಾದ ಪ್ರತಿ ಚೀನೀ ಹೆಂಗಸೂ ತಾನು ಅಂಥವಳಲ್ಲ ಅಂತ ರುಜುವಾತು ಮಾಡಬೇಕಾಯಿತು. ಹೆಂಡತಿಯರು ಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. 1882ರಲ್ಲಿ ಚೀನೀ ಕೂಲಿಕಾರರಿಗೆ ದೇಶದ ಬಾಗಿಲೇ ಮುಚ್ಚಿತು. ಇಲ್ಲಿದ್ದವರು ಬಿಳಿಯ ಹೆಣ್ಣನ್ನು ಮದುವೆಯಾಗೋಣ ಅಂದರೆ ಕ್ಯಾಲಿಫೋರ್ನಿಯಾದ ಕಾನೂನು ಬಿಡಲಿಲ್ಲ. ಅಂಥ ಮದುವೆಗಳ ಮೇಲಿನ ತಡೆ ಬಿದ್ದದ್ದು 1948ರಲ್ಲಿ.

ಅಂದರೆ ಗುಡಿ ಎದ್ದ ಮರುವರ್ಷವೇ ಹೆಂಗಸರಿಗೆ ತಡೆ ಬಿತ್ತು. ಕಟ್ಟಿದವರು ಒಂಟಿ ಗಂಡಸರಾಗಿ ಮುದುಕರಾದರು. ಊರಿನಲ್ಲಿದ್ದ ಹೆಂಡತಿಗೆ ದುಡ್ಡು ಕಳಿಸುತ್ತಾ ಇಲ್ಲಿ ಸತ್ತರು. ಗುಡಿಗೆ ಮಕ್ಕಳೇ ಹುಟ್ಟಲಿಲ್ಲ. ಕಾಲ ಮಾಡಿದ ಕೆಲಸ ಅಲ್ಲ ಇದು, ಕಾಗದದ ಮೇಲೆ ಸಹಿ ಹಾಕಿ ಮಾಡಿದ್ದು.

ಸತ್ತವರೂ ಇಲ್ಲಿ ಉಳಿಯಲಿಲ್ಲ. ಹೂತು ಕೆಲವು ವರ್ಷ ಕಳೆದ ಮೇಲೆ ಮೂಳೆಗಳನ್ನು ಮೇಲೆತ್ತಿ, ತೊಳೆದು, ಪೆಟ್ಟಿಗೆಯಲ್ಲಿಟ್ಟು ಊರಿಗೆ ಕಳಿಸುವ ಪದ್ಧತಿ. ಅದಕ್ಕಾಗಿ ಸಂಘಗಳು ಮೊದಲೇ ಚಂದಾ ಎತ್ತುತ್ತಿದ್ದವು. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಪೈಕಿಯವರೊಬ್ಬರು ಇಲ್ಲಿ ತೀರಿಕೊಂಡಾಗ ಅವರ ಅಸ್ಥಿ ವಿಮಾನದಲ್ಲಿ ಬಂದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಸೇರಿತ್ತು. ಆ ದಿನ ಅಪ್ಪನೂ ಹೊಳೆಯಲ್ಲಿ ನಿಂತಿದ್ದರು.

1892ರ ಕಾಯಿದೆಯ ಪ್ರಕಾರ ಚೀನೀ ಕೂಲಿಕಾರರೆಲ್ಲ ಇಲ್ಲಿರಲು ಹಕ್ಕಿದೆ ಅನ್ನುವ ಕಾಗದ ಇಟ್ಟುಕೊಳ್ಳಬೇಕಿತ್ತು. ಕೇಳಿದಾಗ ತೋರಿಸದಿದ್ದರೆ ಜೈಲು, ಆಮೇಲೆ ಗಡಿಪಾರು. ಆ ಕಾಗದಗಳ ಮೇಲಿನ ಫೋಟೊಗಳು ನಿಮಗೆ ಗೊತ್ತಿರುವಂಥವೇ. ನೆಟ್ಟಗೆ ಕೂತು, ನಗದೆ, ಕ್ಯಾಮೆರಾವನ್ನೇ ನೋಡುತ್ತಿರುವ ಗಂಡಸು. ನನ್ನ ಪರ್ಸಿನಲ್ಲೂ ಅಂಥದೇ ಮುಖದ ನನ್ನದೊಂದು ಫೋಟೊ ಇದೆ. ಗ್ರೀನ್ ಕಾರ್ಡ್ ಬರಲು ನಮಗೆ ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷ ನಾನು ಪಟ್ಟ ಕಷ್ಟವನ್ನು ಇವರದ್ದರ ಪಕ್ಕ ಇಡಲು ಹೊರಟಿಲ್ಲ, ನಾಚಿಕೆಯಾಗುತ್ತದೆ. ಆದರೂ ಕೈ ತಾನಾಗಿಯೇ ಪರ್ಸಿನ ಕಡೆ ಹೋಯಿತು.

ನಮ್ಮವರಿಗೂ ಬಾಗಿಲು ಮುಚ್ಚಿತ್ತು ಅನ್ನುವುದು ನಮ್ಮ ಕೂಟದ ಊಟಗಳಲ್ಲಿ ಯಾರೂ ಆಡದ ಮಾತು. 1917ರಲ್ಲಿ, ಯಾವ ಸೀಮೆಯವರು ಬರಕೂಡದು ಅಂತ ಹೊಸ ಕಾಯಿದೆ ಎಳೆದ ಗೆರೆಯೊಳಗೆ ಭಾರತವೂ ಬಿತ್ತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಅನ್ನುವ ಪಂಜಾಬಿಯ ಕೇಸಿನಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಚೀನೀಯರಿಗೆ 1943ರಲ್ಲಿ ಬಾಗಿಲು ಸಂದಿ ತೆರೆಯಿತು, ವರ್ಷಕ್ಕೆ 105 ಜನ. ನಮಗೆ 1946ರಲ್ಲಿ, ವರ್ಷಕ್ಕೆ 100. ಸರಿಯಾಗಿ ತೆರೆದದ್ದು 1965ರ ಕಾಯಿದೆಯಿಂದ. ಲಿವರ್‌ಮೋರ್‌ನ ದೇವಸ್ಥಾನ ಎದ್ದದ್ದು 1980ರ ದಶಕದಲ್ಲಿ. ಭಾನುವಾರ ಅಲ್ಲಿ ಮಕ್ಕಳ ಗಲಾಟೆಯಲ್ಲಿ ಮಂತ್ರ ಕೇಳಿಸುವುದಿಲ್ಲ ಅಂತ ನಾನೇ ಎಷ್ಟೋ ಸಲ ಗೊಣಗಿದ್ದೇನೆ.

ನನ್ನ ಮಗ ಇಲ್ಲೇ ಹುಟ್ಟಿದವನು, ಹುಟ್ಟಿನಿಂದಲೇ ಇಲ್ಲಿಯ ಪ್ರಜೆ. ಇಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮ ಪರದೇಶಿಯರಾದರೂ, ಇಲ್ಲಿಯದೇ ಅಂತ 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವನು ವಾಂಗ್ ಕಿಮ್ ಆರ್ಕ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಒಬ್ಬ ಚೀನೀ ಅಡುಗೆಯವನು. ಮಗನನ್ನು ಕರೆದು ಇದನ್ನು ಹೇಳಿದೆ. "ಓಕೆ" ಅಂದು ಈಟಿಗಳ ಕಡೆ ವಾಪಸ್ ಹೋದ.

ಇನ್ನು ಈ ಗುಡಿ ಉಳಿದದ್ದು ಹೇಗೆ? ಅಲ್ಲಿಗೆ ಬಂದಾಗ ಆ ಹೆಸರು ಮತ್ತೆ ಸಿಕ್ಕಿತು. ಮೂನ್ ಲಿಮ್ ಲೀ.

1882ರ ಕಾಯಿದೆ ಕೂಲಿಕಾರರನ್ನು ತಡೆದರೂ ವ್ಯಾಪಾರಿಗಳಿಗೆ ವಿನಾಯಿತಿ ಇತ್ತು. ಹಾಗಾಗಿ ಅಲ್ಲೊಂದು ಇಲ್ಲೊಂದು ಕುಟುಂಬ ಬೇರು ಬಿಟ್ಟಿತು. ವೀವರ್‌ವಿಲ್‌ನಲ್ಲಿ ಕೊನೆಗೆ ಉಳಿದ ಬೆರಳೆಣಿಕೆಯ ಕುಟುಂಬಗಳಲ್ಲಿ ಲೀ ಅವರದ್ದೂ ಒಂದು. ಮೂನ್ ಲೀ ಹುಟ್ಟಿದ್ದು ಇದೇ ಊರಿನಲ್ಲಿ. ಅಂಗಡಿ ನಡೆಸುತ್ತಿದ್ದರು. 1930ರ ದಶಕದಲ್ಲಿ ಗುಡಿಗೆ ಕಳ್ಳರು ನುಗ್ಗಿ ಬೆಲೆಬಾಳುವ ಸಾಮಾನು ಹೊತ್ತುಕೊಂಡು ಹೋದರು. ಕಾವಲಿಗೆ ಜನ ಇಲ್ಲದ ಗುಡಿ ಅದು. 1938ರಲ್ಲಿ ಮೂನ್ ಲೀ ಅದರ ಟ್ರಸ್ಟಿ ಆದರು. ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ 1956ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಗುಡಿಯನ್ನು ರಾಜ್ಯ ಉದ್ಯಾನವಾಗಿ ತನ್ನ ಕೈಗೆ ತೆಗೆದುಕೊಂಡಿತು. ರೊನಾಲ್ಡ್ ರೇಗನ್ ಈ ರಾಜ್ಯದ ಗವರ್ನರ್ ಆಗಿದ್ದಾಗ ಲೀ ಅವರನ್ನು ಹೆದ್ದಾರಿ ಆಯೋಗದ ಸದಸ್ಯರನ್ನಾಗಿ ಮಾಡಿದರು. ಶೌಚಾಲಯದ ಮುಂದೆ ಆ ಹೆಸರು ಬಂದದ್ದು ಹಾಗೆ.

"ನೀನು ಇಂಜಿನಿಯರ್ ಅಂದೆ" ಅಂದರು ಅಪ್ಪ.

"ಅಂದೆ."

"ಅಂಗಡಿಯವರು."

ಊಟಕ್ಕೆ ಕಾಲುಸೇತುವೆಯ ಹತ್ತಿರ ಐಲಾಂತಸ್ ನೆರಳಿನಲ್ಲಿ ಕೂತೆವು. ಚಿತ್ರಾನ್ನ ತಣ್ಣಗಾಗಿತ್ತು. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರ್ಕಾರಕ್ಕೆ ಕೊಟ್ಟುಬಿಟ್ಟರೆ ದೇವರು ಹೋದ ಹಾಗೆ ಅಂತ ನಾನು ಹೇಳ್ತಿದ್ದೆ ಅಲ್ವಾ?" ಅಂದರು.

ಅದು ನಮ್ಮೂರ ಗುಡಿಯ ಮಾತು. ಸ್ವಲ್ಪ ಹಿನ್ನೆಲೆ ಬೇಕು. ನಮ್ಮ ಗುಡಿ ನಾಲ್ಕು ಮನೆಯವರದ್ದು. ಪೂಜೆ ಸರದಿಯ ಮೇಲೆ, ಮನೆಗೆ ಮೂರು ತಿಂಗಳು. ನಾನು ಚಿಕ್ಕವಳಿದ್ದಾಗ ನಮ್ಮ ಸರದಿ ಬಂದರೆ ಬೆಳಗಿನ ಜಾವ ಹೂ ಕೊಯ್ಯುವುದು ನನ್ನ ಪಾಲಿನ ಕೆಲಸ. ಈಗ ನಾಲ್ಕರಲ್ಲಿ ಮೂರು ಮನೆಗೆ ಬೀಗ. ನಾಲ್ಕನೆಯದರಲ್ಲಿ ಅಪ್ಪ ಒಬ್ಬರೇ, ಅವರಿಗೆ ಮಂಡಿ ನೋವು, ಗುಡಿಗೆ ಎಪ್ಪತ್ತು ಮೆಟ್ಟಿಲು. ಮೂರು ವರ್ಷದ ಹಿಂದೆ ಯಾರೋ ರಾತ್ರಿ ಬಂದು ಹುಂಡಿ ಒಡೆದು, ಎರಡು ಹಿತ್ತಾಳೆ ದೀಪ ತಗೊಂಡು ಹೋದರು. ಆಮೇಲೆ ವಾಟ್ಸಾಪ್ ಗುಂಪು ಆಯಿತು. ಬೆಂಗಳೂರು, ಪುಣೆ, ಫ್ರೀಮಾಂಟ್ ಎಲ್ಲ ಕಡೆಯಿಂದ ಕ್ಯಾಮೆರಾ ಹಾಕಿಸಲು ದುಡ್ಡು ಬಂತು. ದೀಪ ಹಚ್ಚಲು ಜನ ಬರಲಿಲ್ಲ. ಮುಜರಾಯಿಗೆ ಕೊಟ್ಟುಬಿಡೋಣ ಅಂತ ಒಬ್ಬರು ಬರೆದಾಗ ಅಪ್ಪ ಸಿಟ್ಟಾಗಿ ಗುಂಪು ಬಿಟ್ಟರು. ನಾನು ಮತ್ತೆ ಸೇರಿಸಿದೆ. ಈಗ ಪಕ್ಕದೂರಿನ ಒಬ್ಬ ಹುಡುಗ ಬೈಕಿನಲ್ಲಿ ಬಂದು ದೀಪ ಹಚ್ಚಿ ಹೋಗುತ್ತಾನೆ. ಅವನಿಗೆ ಇಂಥವೇ ಐದು ಗುಡಿ.

ನಮ್ಮನ್ನು ಯಾವ ಕಾಯಿದೆಯೂ ಊರು ಬಿಡಿಸಲಿಲ್ಲ. ನಮ್ಮ ಮೂರು ಬೀಗಗಳ ಕೀಲಿ ನಮ್ಮ ಕೈಯಲ್ಲೇ ಇದೆ. ಒಂದು ನನ್ನ ಚಿಕ್ಕಪ್ಪನ ಮಗನ ಹತ್ತಿರ ಪುಣೆಯಲ್ಲಿ. ಇದನ್ನು ಅಪ್ಪನ ಮುಂದೆ ನಾನು ಹೇಳಲಿಲ್ಲ. ಅವರೂ ನನಗೆ ಹೇಳಲಿಲ್ಲ. ಕಿತ್ತಳೆ ಸುಲಿದು ಮೊಮ್ಮಗನಿಗೆ ಒಂದೊಂದೇ ಎಸಳು ಕೊಟ್ಟರು.

"ಕೊಟ್ಟರೂ ದೇವರು ಹೋಗಿಲ್ಲ, ಅಲ್ಲಿ ಹೊಸ ಹಣ್ಣು ಇತ್ತಲ್ಲ ಅಪ್ಪಾ" ಅಂದೆ.

"ಆ ಲೀ ಇದ್ದಿದ್ದಕ್ಕೆ" ಅಂದರು.

ಹೊರಡುವ ಮುಂಚೆ ಅವರು ಇನ್ನೊಮ್ಮೆ ಗುಡಿಯ ಮುಂದೆ ಹೋಗಿ ನಿಂತರು. ಬಾಗಿಲು ಹಾಕಿತ್ತು. ನೀಲಿ ಹಲಗೆಯ ಎದುರು ಕೈಮುಗಿದು ಬಂದರು. ಏನು ಕೇಳಿಕೊಂಡಿರಿ ಅಂತ ಮಗ ಕೇಳಿದ. ಹೇಳಲಿಲ್ಲ.

ವಾಪಸ್ ಬರುವಾಗ ಡಗ್ಲಸ್ ಸಿಟಿಯಲ್ಲಿ ಗಾಡಿ ನಿಲ್ಲಿಸು ಅಂದರು. ಹೊಟ್ಟೆ ತೊಳಸಿರಲಿಲ್ಲ, ಇನ್ನೂ ಘಾಟಿ ಶುರುವಾಗಿರಲೇ ಇಲ್ಲ. ಫಲಕದ ಹತ್ತಿರ ಹೋಗಿ ಜೇಬಿನಿಂದ ಪುಟ್ಟ ಡೈರಿ ತೆಗೆದು ಹೆಸರು ಬರೆದುಕೊಂಡರು, ಕನ್ನಡದಲ್ಲಿ. 'ಲಿಮ್' ಅನ್ನುವಲ್ಲಿ ಅರ್ಧ ಮಕಾರವೇ ಸೊನ್ನೆಯೇ ಅಂತ ನನ್ನನ್ನು ಕೇಳಿದರು. ಸಂಜೆ ಆರು ದಾಟಿತ್ತು. ಊರಿನಲ್ಲಿ ಬೆಳಗಿನ ಆರೂವರೆ.

ಫೋನಿನಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಇತ್ತು. ಅಪ್ಪ ಆ ಹುಡುಗನಿಗೆ ಫೋನು ಹಚ್ಚಿಸಿದರು. ನಾಲ್ಕನೇ ರಿಂಗಿಗೆ ಎತ್ತಿದ. ಹಿಂದೆ ಕೋಳಿ ಕೂಗುವುದು ನಮಗೆ ಇಲ್ಲಿ ಪೈನ್ ಮರಗಳ ಕೆಳಗೆ ಕೇಳಿಸಿತು.

"ದೀಪ ಹಚ್ಚಿದ್ಯೇನೋ?"

"ಇಲ್ಲ ಮೇಷ್ಟ್ರೇ, ಬೈಕ್ ಸ್ಟಾರ್ಟ್ ಆಗ್ತಾ ಇಲ್ಲ. ಚೋಕ್ ಎಳೆದು ನೋಡ್ತಿದ್ದೀನಿ."

"ನಿಧಾನ ನೋಡು. ನಾನು ಹಿಡ್ಕೊಂಡಿರ್ತೀನಿ" ಅಂದರು ಅಪ್ಪ. ಫೋನನ್ನು ಕಿವಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತರು. ಅತ್ತ ಕಡೆಯಿಂದ ಕಿಕ್ ಹೊಡೆಯುವ ಸದ್ದು ಬರುತ್ತಲೇ ಇತ್ತು.